ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ಒಸಾನ್ನಾ ತಂಡದ ‘ಲುವೋಮೊ’, ಅದರ ಏರು ಮತ್ತು ಇಳಿವು

ಕಳೆದ ಸಂಚಿಕೆಯ ಅಂಕಣದಲ್ಲಿ ಇಟಲಿಯ ಪ್ರೊಗ್ರೆಸಿವ್ ರಾಕ್ (ರಾಕ್‌ಗೆ ಶಾಸ್ತ್ರೀಯ ಮತ್ತು ಜಾಝ್ ಸಂಗೀತವನ್ನು ಬೆರೆಸಿ ದೀರ್ಘ ರಚನೆಗಳನ್ನು ಕಟ್ಟುವ ಬಗೆ) ಸಂಗೀತದ ಬಗ್ಗೆ ಬರೆಯುತ್ತ, ನಾಪೋಲಿ ನಗರದ ಒಸಾನ್ನಾ ತಂಡವು 1971ರಲ್ಲಿ ಹೊರತಂದ ಚೊಚ್ಚಲ ಆಲ್ಬಂ ‘ಲುವೋಮೊ’ವನ್ನು ಒಮ್ಮೆ ಮೊದಲಿಂದ ಕೊನೆಯವರೆಗೆ ಕೇಳಿ ನೋಡಿ ಎಂದು ಓದುಗರನ್ನು ಕೋರಿದ್ದೆ. ಅದು ಎಲ್ಲ ಕಡೆಯೂ ಒಂದೇ ಎತ್ತರದಲ್ಲಿ ನಿಲ್ಲುವ ಆಲ್ಬಂ ಅಲ್ಲವೆಂಬ ಮಾತನ್ನೂ ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡನೆಯ ಮಾತನ್ನೇ ಹಿಡಿದುಕೊಂಡಿವೆ. ಹೀಗಾಗಿ ಈ ಬಾರಿಯ ಪುಟಗಳನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಮೈಸೂರಿನ ಓದುಗರೊಬ್ಬರ ಪ್ರಶ್ನೆ: ನಿಮ್ಮ ಮಾತು ನಂಬಿ ‘ಲುವೋಮೊ’ವನ್ನು ಮೂರು ರಾತ್ರಿ ಕೇಳಿದೆ. ಮೊದಲ ಎರಡು ಹಾಡುಗಳಲ್ಲಿ ಮೈಮರೆತೆ. ಮೂರನೆಯದಕ್ಕೆ ಬಂದಾಗ ಬೇರೆ ಯಾವುದೋ ತಂಡದ ಧ್ವನಿಮುದ್ರಿಕೆ ನಡುವೆ ಸೇರಿಕೊಂಡಿತೇನೋ ಎನ್ನಿಸಿತು. ಕೊನೆಯ ಎರಡು ಹಾಡುಗಳನ್ನಂತೂ ಮೂರನೆಯ ರಾತ್ರಿ ಕೇಳಲೇ ಇಲ್ಲ. ದೋಷ ನನ್ನ ಕಿವಿಯದೋ, ಆಲ್ಬಂನದೋ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ನೀವು ಎಡವಿದ ಜಾಗಗಳು ಯಾವುವು ಎಂಬುದನ್ನು ಮಾತ್ರ ಒಮ್ಮೆ ಗಮನಿಸಿ ನೋಡಿ. ಸುಮಾರು 37 ನಿಮಿಷಗಳ ಈ ಆಲ್ಬಂನಲ್ಲಿ ಒಂಬತ್ತು ಹಾಡುಗಳಿವೆ. ಅವುಗಳಲ್ಲಿ ಆರಕ್ಕೆ ಇಟಾಲಿಯನ್ ಹೆಸರು, ಮೂರಕ್ಕೆ ಇಂಗ್ಲಿಷ್ ಹೆಸರು. ಮೂರನೆಯದು ‘ಮಿರರ್ ಟ್ರೇನ್’, ಎಂಟನೆಯದು ‘ಎವ್ರಿಬಡೀಸ್ ಗಾನ ಸೀ ಯು ಡೈ’, ಒಂಬತ್ತನೆಯದು ‘ಲೇಡಿ ಪವರ್’. ನಿಮಗೆ ಬೇರೆ ತಂಡದ್ದೆನ್ನಿಸಿದ ಹಾಡು, ನೀವು ಕೇಳದೆ ಬಿಟ್ಟ ಎರಡು ಹಾಡುಗಳು, ಇವು ಮೂರೂ ಇಂಗ್ಲಿಷಿನವೇ ಆಗಿವೆ. ಇದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಈ ಆಲ್ಬಂನ ಏರುಪೇರಿನ ಗುಟ್ಟು ಬಹುಪಾಲು ಇಲ್ಲೇ ಅಡಗಿದೆ ಎಂಬುದು ಹಲವು ವರ್ಷಗಳಿಂದ ಇದನ್ನು ಕೇಳುತ್ತ ಬಂದಿರುವ ನನ್ನ ನಂಬಿಕೆ.

ಕೇಳುವವರಿಗೆ ಇಟಾಲಿಯನ್ ಬರುವುದಿಲ್ಲವೆಂದೇ ಇಟ್ಟುಕೊಳ್ಳೋಣ. ಆಗಲೂ ಭಾಷೆ ಬದಲಾದ ಕ್ಷಣದಲ್ಲಿ ತಂಡದ ನಡೆಯೇ ಬದಲಾಗುವುದು ಕೇಳಿಸುತ್ತದೆ. ಇಟಾಲಿಯನ್ ಹಾಡುಗಳಲ್ಲಿ ಅವರು ಅವಸರ ಮಾಡುವುದಿಲ್ಲ. ‘ಇಂತ್ರೊದುತ್ಸಿಯೋನೆ’ ಎಂಬ ಪೀಠಿಕೆಯಿಂದ ಶೀರ್ಷಿಕೆಗೀತೆಯೊಳಗೆ ಕಾಲಿಡುವಾಗ ಗಿಟಾರ್, ಕೊಳಲು, ಗಂಡುದನಿಗಳ ಮೇಳ ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ, ಸದ್ದು ತುಂಬಿಕೊಳ್ಳುತ್ತದೆ, ಆಮೇಲೆ ತಾನಾಗಿ ಒಡೆದು ಅಬ್ಬರಕ್ಕೆ ತಿರುಗುತ್ತದೆ. ಇಂಗ್ಲಿಷ್ ಹಾಡುಗಳಿಗೆ ಬಂದಾಗ ಅದೇ ಐವರು ಅದೇ ವಾದ್ಯಗಳನ್ನು ಹಿಡಿದು, ಆ ಕಾಲದ ಬ್ರಿಟಿಷ್ ಹಾರ್ಡ್ ರಾಕ್ ತಂಡಗಳು ಆಗಲೇ ಸವೆಸಿದ್ದ ದಾರಿಯಲ್ಲಿ ನಡೆಯುತ್ತಾರೆ. ನುಡಿಸಾಣಿಕೆಯಲ್ಲಿ ಲೋಪವೇನೂ ಇಲ್ಲ. ಕೊನೆಯ ಎರಡು ಹಾಡುಗಳಲ್ಲಿ ದಾನಿಲೊ ರುಸ್ತಿಚಿಯವರ ಗಿಟಾರ್ ಬಹಳ ಹುರುಪಿನಿಂದಲೇ ಇದೆ. ಆದರೆ ಆ ಹಾಡುಗಳನ್ನು ಬೇರೆ ಯಾವುದೇ ಊರಿನ ಸಮರ್ಥ ತಂಡವೂ ನುಡಿಸಬಹುದಿತ್ತು. ‘ಇನ್ ಉನ್ ವೆಕ್ಕಿಯೊ ಚಿಯೇಕೊ’ದಂಥ ಹಾಡನ್ನು ಹಾಗೆ ಇನ್ನೊಬ್ಬರ ಕೈಗೆ ಕೊಡಲಾಗುವುದಿಲ್ಲ.

ಇಲ್ಲೊಂದು ಮಾತನ್ನು ತಪ್ಪದೆ ಹೇಳಬೇಕು. ನಾಪೋಲಿಯ ಹುಡುಗರು ಇಂಗ್ಲಿಷಿನಲ್ಲಿ ಹಾಡಿದ್ದು ಬರಿಯ ಅನುಕರಣೆಯೆಂದು ತಳ್ಳಿಹಾಕಿದರೆ ಆ ಊರಿಗೆ ಅನ್ಯಾಯ ಮಾಡಿದಂತಾಗುತ್ತದೆ. 1943ರ ಅಕ್ಟೋಬರಿನಲ್ಲಿ ಮಿತ್ರಪಡೆಗಳು ನಾಪೋಲಿಯನ್ನು ಹೊಕ್ಕವು. ಯುದ್ಧ ಮುಗಿದ ಮೇಲೂ ಬಂದರಿನಲ್ಲಿ ಅಮೆರಿಕದ ಹಡಗುಗಳು ನಿಲ್ಲುತ್ತಿದ್ದವು, 1950ರ ದಶಕದಿಂದ ನಗರದ ಬಾಞೋಲಿ ಭಾಗದಲ್ಲಿ ನ್ಯಾಟೊ ನೆಲೆಯೂ ಇತ್ತು. ಸೈನಿಕರ ಜೊತೆಗೆ ಬ್ಲೂಸ್, ಜಾಝ್, ಸೋಲ್ ಸಂಗೀತವೂ ಆ ಊರಿನ ಕ್ಲಬ್ಬುಗಳಿಗೆ ಬಂದು ನೆಲೆಸಿತು. ಒಸಾನ್ನಾದ ಕೊಳಲು ಮತ್ತು ಸ್ಯಾಕ್ಸೊಫೋನ್ ವಾದಕ ಎಲಿಯೊ ದಾನ್ನ ಅವರು ಮೊದಲು ಇದ್ದದ್ದು ‘ದಿ ಶೋಮೆನ್’ ಎಂಬ ನಾಪೋಲಿಯ ಸೋಲ್ ತಂಡದಲ್ಲಿ. ಆ ತಂಡದ ಸ್ಯಾಕ್ಸೊಫೋನ್ ವಾದಕ ಜೇಮ್ಸ್ ಸೆನೇಸೆ ಅವರ ತಂದೆಯೇ ಅಮೆರಿಕದ ಕಪ್ಪು ಸೈನಿಕ. ಅಂದ ಮೇಲೆ ಈ ಹುಡುಗರ ಪಾಲಿಗೆ ಇಂಗ್ಲಿಷ್ ಹಾಡು ದೂರದ ದೇಶದ ಸಾಮಾನೇನೂ ಆಗಿರಲಿಲ್ಲ, ಅದು ಅವರ ಬೀದಿಯ ಕೊನೆಯಲ್ಲೇ ಕೇಳುತ್ತಿದ್ದ ಸಂಗೀತವಾಗಿತ್ತು. ‘ಮಿರರ್ ಟ್ರೇನ್’ ಉಳಿದ ಎರಡಕ್ಕಿಂತ ಗಟ್ಟಿಯಾಗಿ ನಿಲ್ಲುವುದಕ್ಕೆ ಈ ಒಡನಾಟವೇ ಕಾರಣವೆಂದು ನನಗನ್ನಿಸುತ್ತದೆ. ಇನ್ನೊಮ್ಮೆ ಕೇಳುವಾಗ ಅದನ್ನು ನಡುವೆ ನುಗ್ಗಿದ ಅಪರಿಚಿತನೆಂದು ತಿಳಿಯದೆ, ಈ ತಂಡ ಹೊರಟುಬಂದ ಮನೆಯೆಂದು ತಿಳಿದು ಕೇಳಿ.

ಕಾಲವನ್ನೂ ನೆನಪಿಡಬೇಕು. 1971ರ ಮೇ ತಿಂಗಳಲ್ಲಿ ಇಟಲಿಯ ವಿಯಾರೆಜ್ಜೊ ಪಟ್ಟಣದಲ್ಲಿ ಹೊಸ ಪ್ರವೃತ್ತಿಗಳ ಸಂಗೀತೋತ್ಸವವೊಂದು ನಡೆಯಿತು. ಅದರ ಮೊದಲ ಬಹುಮಾನವನ್ನು ಒಸಾನ್ನಾ, ಪ್ರೆಮಿಯಾತಾ ಫೋರ್ನೆರಿಯಾ ಮಾರ್ಕೋನಿ ಎಂಬ ತಂಡ ಮತ್ತು ಗಾಯಕಿ ಮಿಯಾ ಮಾರ್ತೀನಿ ಹಂಚಿಕೊಂಡರು. ಇವರಲ್ಲಿ ಪ್ರೆಮಿಯಾತಾ ತಂಡದ ಮೊದಲ ಆಲ್ಬಂ ಬಂದದ್ದು 1972ರಲ್ಲಿ, ಇದೇ ಬಗೆಯ ಸಂಗೀತದ ರೋಮಿನ ಬಾಂಕೊ ತಂಡದ್ದೂ ಅದೇ ವರ್ಷ. ಅಂದರೆ ‘ಲುವೋಮೊ’ ಸಿದ್ಧವಾಗುವ ಹೊತ್ತಿಗೆ, ಇಂದು ನಾವು ಇಟಾಲಿಯನ್ ಪ್ರೊಗ್ರೆಸಿವ್ ರಾಕ್ ಎಂದು ಹೆಸರಿಟ್ಟು ಕರೆಯುವ ಸಂಗೀತಕ್ಕೆ ಇನ್ನೂ ಒಂದು ಆಕಾರವೇ ಬಂದಿರಲಿಲ್ಲ. ಮುಂದೆ ನೋಡಿಕೊಂಡು ನಡೆಯಲು ಮಾದರಿಯಿಲ್ಲದ ಕಾಲದಲ್ಲಿ ಹೊರಟವರ ಹೆಜ್ಜೆ ಅದು.

ಮಂಗಳೂರಿನ ಓದುಗರೊಬ್ಬರ ಪ್ರಶ್ನೆ: ನಾನು ಭಾಷಾ ಅಧ್ಯಾಪಕಿ. ನನಗೆ ಇಟಾಲಿಯನ್ ಬರುವುದಿಲ್ಲ. ಆದರೂ ಇಟಾಲಿಯನ್ ಹಾಡುಗಳು ಕಿವಿಗೆ ವಿಚಿತ್ರವಾಗಿ ಪರಿಚಿತವೆನ್ನಿಸಿದವು, ಕನ್ನಡದ ಹಾಡು ಕೇಳುವಾಗಿನ ಒಂದು ಎಳೆತ ಅಲ್ಲಿಯೂ ಇದೆ. ಇದು ನನ್ನ ಭ್ರಮೆಯೇ? ಹಾಡುಗಳ ಹೆಸರಿನ ಅರ್ಥವನ್ನೂ ತಿಳಿಸುವಿರಾ?

ಉತ್ತರ: ಮೊದಲು ಅರ್ಥ. ‘ಲುವೋಮೊ’ ಎಂದರೆ ಮನುಷ್ಯ. ‘ನೋನ್ ಸೇಯ್ ವಿಸ್ಸೂತೊ ಮಾಯ್’ ಎಂದರೆ ‘ನೀನು ಎಂದೂ ಬದುಕಿಯೇ ಇಲ್ಲ’. ‘ವಾದೊ ವೆರ್ಸೊ ಉನಾ ಮೇತಾ’ ಎಂದರೆ ‘ಗುರಿಯೊಂದರತ್ತ ನಡೆದಿದ್ದೇನೆ’. ‘ಇನ್ ಉನ್ ವೆಕ್ಕಿಯೊ ಚಿಯೇಕೊ’ ಎಂದರೆ ‘ಕುರುಡ ಮುದುಕನೊಬ್ಬನಲ್ಲಿ’. ‘ಲಾಮೋರೆ ವಿಂಚೆರಾ ದಿ ನುವೋವೊ’ ಎಂದರೆ ‘ಪ್ರೀತಿ ಮತ್ತೆ ಗೆಲ್ಲುವುದು’.

ನಿಮಗಾದದ್ದು ಭ್ರಮೆಯಲ್ಲ. ಅಧ್ಯಾಪಕಿಯಾದ ನೀವು ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದೀರಿ. ಮೇಲಿನ ಹೆಸರುಗಳನ್ನೇ ಜೋರಾಗಿ ಓದಿ ನೋಡಿ. ಸಣ್ಣಪುಟ್ಟ ಪದಗಳನ್ನು ಬಿಟ್ಟರೆ ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ: ಉವೋಮೊ, ವಿಸ್ಸೂತೊ, ಮೇತಾ, ವೆಕ್ಕಿಯೊ, ಅಮೋರೆ. ಕನ್ನಡವೂ ಹೀಗೆಯೇ ಸ್ವರಾಂತ ಭಾಷೆ. ಹೊರಗಿನಿಂದ ಬಂದ ವ್ಯಂಜನಾಂತ ಪದಕ್ಕೂ ನಾವು ಒಂದು ಉಕಾರ ಹಚ್ಚಿ ಬಸ್ಸು, ಕಾರು ಎನ್ನುತ್ತೇವೆ. ಸ್ವರದಲ್ಲಿ ಮುಗಿಯುವ ಪದವನ್ನು ಗಾಯಕರು ಎಳೆಯಬಹುದು, ತೂಗಬಹುದು, ಅದರ ಮೇಲೆ ನಿಲ್ಲಬಹುದು. ನೀವು ಎಳೆತವೆಂದು ಗುರುತಿಸಿದ್ದು ಇದನ್ನೇ.

ರಾಕ್ ಸಂಗೀತ ಹುಟ್ಟಿದ್ದು ಇದಕ್ಕೆ ತೀರ ಬೇರೆಯಾದ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಒಂದೇ ಪೆಟ್ಟಿನ ಪದಗಳು ಬೇಕಾದಷ್ಟಿವೆ. ಸಾಲಿನ ಕೊನೆಯಲ್ಲಿ ಡ್ರಮ್ಮಿನ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಪದವೂ ಬಿದ್ದು ಮುಗಿದುಹೋಗುತ್ತದೆ. ಇಟಾಲಿಯನ್ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯದಕ್ಕಿಂತ ಹಿಂದಿನ ಅಕ್ಷರದ ಮೇಲೆ ಬರುತ್ತದೆ. ಪೆಟ್ಟು ಬಿದ್ದ ಮೇಲೂ ಪದದ ಬಾಲವೊಂದು ಉಳಿದಿರುತ್ತದೆ, ಅದನ್ನು ಎಲ್ಲಿಡಬೇಕೆಂಬ ಕಷ್ಟ ಇರುತ್ತದೆ. 1960ರ ದಶಕದಲ್ಲಿ ಇಂಗ್ಲಿಷ್ ಹಾಡುಗಳ ಮಟ್ಟಿಗೆ ಇಟಾಲಿಯನ್ ಸಾಹಿತ್ಯ ಕಟ್ಟುತ್ತಿದ್ದ ಕವಿಗಳಿಗೆ ಇದೇ ದೊಡ್ಡ ತಲೆನೋವಾಗಿತ್ತು. ಆದ್ದರಿಂದ ಅವರು ಒತ್ತಿನಲ್ಲೇ ಮುಗಿಯುವ ಕೆಲವೇ ಪದಗಳನ್ನು ಹುಡುಕಿ ಹುಡುಕಿ ಸಾಲಿನ ಕೊನೆಗೆ ತರುತ್ತಿದ್ದರು. ನಮ್ಮ ಚಿತ್ರಗೀತೆಗಳ ಕವಿಗಳಿಗೂ ಗಾಯಕರಿಗೂ ಈ ಕಷ್ಟ ಹೊಸದಲ್ಲ. ‘ಮನಸು’, ‘ಕನಸು’ ಎಂಬ ಪದ ಸಾಲಿನ ಕೊನೆಗೆ ಬಂದಾಗ ಆ ಉಕಾರವನ್ನು ಎಳೆಯಬೇಕೋ ನುಂಗಬೇಕೋ ಎಂದು ತೀರ್ಮಾನಿಸಲೇಬೇಕಾಗುತ್ತದೆ.

ಈಗ ‘ನೋನ್ ಸೇಯ್ ವಿಸ್ಸೂತೊ ಮಾಯ್’ ಎಂಬ ಸಾಲನ್ನು ಹತ್ತಿರದಿಂದ ನೋಡಿ. ಕೊನೆಯ ಪದ ‘ಮಾಯ್’, ಅಂದರೆ ‘ಎಂದೂ’. ಅದು ಒಂದೇ ಪೆಟ್ಟಿನ ಪದ. ಹೀಗಾಗಿ ಆ ಆರು ನಿಮಿಷಗಳ ಹಾಡಿನಲ್ಲಿ ತಂಡಕ್ಕೆ ತನ್ನ ಭಾಷೆಯನ್ನೂ ಬಿಡದೆ ರಾಕ್‌ನ ಪೆಟ್ಟನ್ನೂ ಬಿಡದೆ ಸಾಗಲು ಸಾಧ್ಯವಾಗಿದೆ. ‘ವಾದೊ ವೆರ್ಸೊ ಉನಾ ಮೇತಾ’ದಲ್ಲಿ ಕೊನೆಯ ಪದ ‘ಮೇತಾ’. ಒತ್ತು ‘ಮೇ’ ಮೇಲೆ, ಬಾಲ ‘ತಾ’. ಹಾಗಾಗಿ ಆ ಸಾಲು ಪೆಟ್ಟಿನೊಡನೆ ಮುಗಿಯದೆ ಒಂದು ಹೆಜ್ಜೆ ಮುಂದಕ್ಕೆ ವಾಲುತ್ತದೆ. ಗುರಿಯತ್ತ ನಡೆದಿದ್ದೇನೆ ಎನ್ನುವ ಹಾಡಿಗೆ ಆ ವಾಲು ಎಷ್ಟು ಒಪ್ಪುತ್ತದೆ! ಗಾಯಕ ಲೀನೊ ವೈರೆತ್ತಿಯವರು ಇಟಾಲಿಯನ್ ಹಾಡುಗಳಲ್ಲಿ ಇಂಥ ಬಾಲಗಳಿಗೆಲ್ಲ ಜಾಗ ಕೊಟ್ಟು ಹಾಡುತ್ತಾರೆ. ಇಂಗ್ಲಿಷ್ ಹಾಡುಗಳಲ್ಲಿ ಅವರಿಗೆ ಹಾಗೆ ತೂಗಲು ಏನೂ ಸಿಗುವುದಿಲ್ಲ, ಕಂಠ ಒರಟಾಗಿ ಏರುತ್ತದೆ ಅಷ್ಟೆ. ಮೈಸೂರಿನ ಓದುಗರಿಗೆ ಭಾಷೆಯ ಬಗ್ಗೆ ಹೇಳಿದ ಮಾತಿಗೆ ನನ್ನ ಮುಖ್ಯ ಆಧಾರ ಇದೇ.

ಶಿವಮೊಗ್ಗದ ಓದುಗರೊಬ್ಬರ ಪ್ರಶ್ನೆ: ನಾನು ನಾಲ್ಕು ವರ್ಷದಿಂದ ಕರ್ನಾಟಕ ಸಂಗೀತದಲ್ಲಿ ಕೊಳಲು ಕಲಿಯುತ್ತಿದ್ದೇನೆ. ಈ ಆಲ್ಬಂನ ಕೊಳಲಿನಲ್ಲಿ ಗೊರಗೊರ ಎನ್ನುವ, ಯಾರೋ ಒಳಗಿನಿಂದ ಮಾತಾಡಿದಂತಹ ಸದ್ದು ಬರುತ್ತದೆ. ಅದು ಯಂತ್ರದಿಂದ ಮಾಡಿದ್ದೇ?

ಉತ್ತರ: ಅದು ಯಂತ್ರದ ಸದ್ದಲ್ಲ, ವಾದಕರ ಗಂಟಲಿನದೇ ಸದ್ದು. ಎಲಿಯೊ ದಾನ್ನ ಅವರು ನುಡಿಸುವುದು ಕೀಲಿಗಳಿರುವ ಪಾಶ್ಚಾತ್ಯ ಲೋಹದ ಕೊಳಲು. ಊದುವಾಗ ಅವರು ಅದೇ ಉಸಿರಿನಲ್ಲಿ ಗಂಟಲಿನಿಂದ ಹಾಡುತ್ತಲೂ ಇರುತ್ತಾರೆ. ಗಂಟಲಿನ ಸ್ವರವೂ ಕೊಳಲಿನ ಸ್ವರವೂ ಪೂರ್ತಿ ಕೂಡಿಕೊಂಡಾಗ ನಾದ ದಪ್ಪವಾಗುತ್ತದೆ. ಕೂದಲೆಳೆಯಷ್ಟು ಸರಿದಾಗ ಒಂದು ಒರಟು ಅಲೆ ಏಳುತ್ತದೆ. ತಂಬೂರಿಯನ್ನು ಶ್ರುತಿ ಮಾಡುವಾಗ ಎರಡು ತಂತಿಗಳು ಕೂಡುವ ಮುಂಚೆ ಒಂದು ಅಲೆ ‘ವಂಯ್ ವಂಯ್’ ಎಂದು ಮಿಡಿದು, ಕೂಡುತ್ತ ಬಂದಂತೆ ನಿಧಾನವಾಗಿ ಮಾಯವಾಗುವುದನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ, ಇಲ್ಲಿಯೂ ಆಗುವುದು ಅದೇ. ಎರಡು ಸ್ವರಗಳು ಇನ್ನಷ್ಟು ದೂರ ಸರಿದರೆ ಅವುಗಳ ಅಂತರದಷ್ಟು ಕಂಪನವಿರುವ ಮೂರನೆಯ ಸ್ವರವೊಂದು ಕೆಳಗೆ ಕೇಳಿಸತೊಡಗುತ್ತದೆ. ಕೊಳಲು ಸೆಕೆಂಡಿಗೆ 440 ಕಂಪನಗಳಲ್ಲಿ, ಗಂಟಲು 330ರಲ್ಲಿ ಇದ್ದರೆ ಕಿವಿಗೆ 110ರ ಮಂದ್ರವೂ ಸೇರಿ ಬರುತ್ತದೆ. ‘ಒಳಗಿನಿಂದ ಯಾರೋ ಮಾತಾಡಿದಂತೆ’ ಎಂದು ನೀವು ಬರೆದದ್ದು ಆ ಮೂರನೆಯ ಸ್ವರದ ಬಗ್ಗೆ ಇರಬಹುದು.

ಈ ವಿದ್ಯೆಯನ್ನು ಜಾಝ್ ಲೋಕದಲ್ಲಿ ಬಹಳವಾಗಿ ಬೆಳೆಸಿದವರು ಅಮೆರಿಕದ ರೋಲಂಡ್ ಕರ್ಕ್. ರಾಕ್ ಸಂಗೀತಕ್ಕೆ ತಂದವರು ಬ್ರಿಟನ್ನಿನ ಜೆಥ್ರೊ ಟಲ್ ತಂಡದ ಇಯಾನ್ ಆಂಡರ್ಸನ್. ಆ ತಂಡ 1968ರ ತನ್ನ ಮೊದಲ ಆಲ್ಬಂನಲ್ಲೇ ಕರ್ಕ್ ಅವರ ರಚನೆಯೊಂದನ್ನು ನುಡಿಸಿ ಆ ಋಣವನ್ನು ತೋರಿಸಿತ್ತು. ಜೆಥ್ರೊ ಟಲ್‌ಗೆ ಇಟಲಿಯಲ್ಲಿ ಅಭಿಮಾನಿಗಳು ಬಹಳ, ಆ ಪ್ರಭಾವ ದಾನ್ನ ಅವರ ಮೇಲೆ ಸ್ಪಷ್ಟವಾಗಿಯೇ ಇದೆ. ಆದರೆ ಅವರು ಮೂಲತಃ ಸ್ಯಾಕ್ಸೊಫೋನ್ ವಾದಕರು. ಆ ವಾದ್ಯಕ್ಕೆ ಬೇಕಾದ ಉಸಿರಿನ ಒತ್ತಡವನ್ನೇ ಕೊಳಲಿಗೂ ತರುತ್ತಾರೆ. ಆಂಡರ್ಸನ್ ಅವರ ಕೊಳಲಿನಲ್ಲಿ ಕುಣಿತ ಹೆಚ್ಚು, ಇವರದರಲ್ಲಿ ಕೋಪ ಹೆಚ್ಚು. ‘ಇನ್ ಉನ್ ವೆಕ್ಕಿಯೊ ಚಿಯೇಕೊ’ವನ್ನು ಹೆಡ್‌ಫೋನಿನಲ್ಲಿ ಕೊಳಲಿನ ಮೇಲೆಯೇ ಗಮನವಿಟ್ಟು ಕೇಳಿ, ಸ್ವರಕ್ಕೆ ಮುಂಚೆ ಉಸಿರು ಬರುವುದೂ ತಿಳಿಯುತ್ತದೆ. ಬಿದಿರಿನ ಕೊಳಲಿನಲ್ಲಿಯೂ ಇದು ಸಾಧ್ಯ. ಆದರೆ ಗಮಕ ಕೂಡುತ್ತಿರುವ ಹಂತದಲ್ಲಿ ನೀವಿದ್ದರೆ ಮೊದಲು ಗುರುಗಳನ್ನು ಕೇಳಿ, ಆಮೇಲೆ ಪ್ರಯತ್ನಿಸಿ.

ಧಾರವಾಡದ ಓದುಗರೊಬ್ಬರ ಪ್ರಶ್ನೆ: ಪ್ರೊಗ್ರೆಸಿವ್ ರಾಕ್ ಎಂದರೆ ಕೀಬೋರ್ಡ್, ಆರ್ಗನ್ ಎಂದೇ ಕೇಳಿದ್ದೆ. ಇಲ್ಲಿ ಅವು ಹಿಂದೆಯೇ ಉಳಿದುಬಿಟ್ಟಿವೆಯಲ್ಲ?

ಉತ್ತರ: ಹೌದು, ಒಸಾನ್ನಾದಲ್ಲಿ ಕೀಬೋರ್ಡಿಗೆಂದೇ ಒಬ್ಬರು ಇರಲಿಲ್ಲ. ವೈರೆತ್ತಿಯವರು ಹಾಡುತ್ತಲೇ ಅಗತ್ಯವಿದ್ದ ಕಡೆ ಕೀಲಿಗಳ ವಾದ್ಯವನ್ನೂ ನೋಡಿಕೊಳ್ಳುತ್ತಿದ್ದರು. ಇದರ ಹಿಂದೊಂದು ಕಥೆಯಿದೆ. ವೈರೆತ್ತಿ, ರುಸ್ತಿಚಿ, ಬೇಸ್ ಗಿಟಾರಿನ ಲೆಲ್ಲೊ ಬ್ರಾಂದಿ, ಡ್ರಮ್ಸಿನ ಮಾಸ್ಸಿಮೊ ಗ್ವಾರೀನೊ, ಈ ನಾಲ್ವರೂ ಮೊದಲು ‘ಚಿತ್ತಾ ಫ್ರೊಂತಾಲೆ’ ಎಂಬ ತಂಡದಲ್ಲಿದ್ದರು. ಅಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಜಾನ್ನಿ ಲೆಯೋನೆ. ಅವರು ನಾಪೋಲಿಯದೇ ಆದ ‘ಇಲ್ ಬಾಲೆತ್ತೊ ದಿ ಬ್ರೋಂಜೊ’ ತಂಡಕ್ಕೆ ಹೊರಟುಹೋದರು, ಉಳಿದ ನಾಲ್ವರ ಜೊತೆಗೆ ಕೊಳಲು ಮತ್ತು ಸ್ಯಾಕ್ಸೊಫೋನ್ ಹಿಡಿದ ದಾನ್ನ ಬಂದು ಸೇರಿದರು. ಹೀಗೆ ಒಸಾನ್ನಾ ಹುಟ್ಟಿತು. ರೋಮಿನ ಬಾಂಕೊ ತಂಡದಲ್ಲಿ ನೊಚೆಂತ್ಸಿ ಸಹೋದರರಿಬ್ಬರೂ ಕೀಬೋರ್ಡಿನ ಮುಂದೆ ಕೂತು ಸಂಗೀತ ಕಟ್ಟುತ್ತಿದ್ದ ಅದೇ ವರ್ಷಗಳಲ್ಲಿ, ಒಸಾನ್ನಾ ಆ ಜಾಗವನ್ನು ಉಸಿರಿನ ವಾದ್ಯಗಳಿಂದ ತುಂಬಬೇಕಾಯಿತು. ‘ಲುವೋಮೊ’ದ ಸದ್ದು ಅಷ್ಟು ಬರಿಮೈಯದಾಗಿ, ಅಷ್ಟು ಹತ್ತಿರವಾಗಿ ಕೇಳಿಸುವುದು ಇದರಿಂದಲೇ. ಜಾನ್ನಿ ಲೆಯೋನೆ ಹೋಗಿ ಸೇರಿದ ತಂಡದ ವಿಷಯ ಕೊನೆಯ ಉತ್ತರದಲ್ಲಿ ಮತ್ತೆ ಬರುತ್ತದೆ.

ಹೊನ್ನಾವರದ ಓದುಗರೊಬ್ಬರ ಪ್ರಶ್ನೆ: ಈ ತಂಡದವರು ಮುಖಕ್ಕೆ ಬಣ್ಣ ಹಚ್ಚಿಕೊಂಡು ನಿಂತ ಚಿತ್ರ ನೋಡಿದೆ. ಯಕ್ಷಗಾನದ ಚೌಕಿಮನೆ ನೋಡುತ್ತ ಬೆಳೆದ ನನಗೆ ಕುತೂಹಲವಾಯಿತು. ಬ್ರಿಟನ್ನಿನ ಜೆನೆಸಿಸ್ ತಂಡದ ಗಾಯಕ ಪೀಟರ್ ಗೇಬ್ರಿಯಲ್ ಅವರ ವೇಷಗಳಿಗೆ ಇವರೇ ಪ್ರೇರಣೆ ಎನ್ನುವುದು ನಿಜವೇ?

ಉತ್ತರ: ಕಾಲದ ಲೆಕ್ಕ ಒಸಾನ್ನಾದ ಕಡೆಗಿದೆ. ಅವರು 1971ರ ಹೊತ್ತಿಗೇ ಬಣ್ಣ ಬಳಿದುಕೊಂಡು, ನಿಲುವಂಗಿ ತೊಟ್ಟು ವೇದಿಕೆಗೆ ಬರುತ್ತಿದ್ದರು. ಗೇಬ್ರಿಯಲ್ ಅವರು ನರಿಯ ತಲೆಯ ಮುಖವಾಡವನ್ನೂ ಕೆಂಪು ಉಡುಪನ್ನೂ ಮೊದಲ ಬಾರಿ ತೊಟ್ಟದ್ದು 1972ರ ಸೆಪ್ಟೆಂಬರಿನಲ್ಲಿ, ಡಬ್ಲಿನ್ನಿನಲ್ಲಿ. ಅದಕ್ಕೂ ಮುಂಚೆ, ಅದೇ ವರ್ಷದ ಏಪ್ರಿಲಿನಲ್ಲಿ, ಜೆನೆಸಿಸ್ ಇಟಲಿಯಲ್ಲಿ ಪ್ರವಾಸ ಮಾಡಿತ್ತು. ಇಟಲಿಯ ಅಭಿಮಾನಿಗಳು ಈ ಎರಡು ದಿನಾಂಕಗಳನ್ನು ಜೋಡಿಸಿ ಇದರಿಂದಲೇ ಅದು ಬಂತು ಎನ್ನುತ್ತಾರೆ. ದಿನಾಂಕಗಳು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಬರೆಯಲಾರೆ. ಇವರಿಬ್ಬರಿಗೂ ಮುಂಚೆ, 1968ರಲ್ಲಿಯೇ, ಬ್ರಿಟನ್ನಿನ ಆರ್ಥರ್ ಬ್ರೌನ್ ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡುತ್ತಿದ್ದರು.

ಒಸಾನ್ನಾದ ಬಣ್ಣಕ್ಕೆ ಅರ್ಥ ಬರಲು ಗೇಬ್ರಿಯಲ್ ಅವರ ಹೆಸರು ಬೇಕಾಗಿಯೂ ಇಲ್ಲ. ನಾಪೋಲಿ ಪುಲ್ಚಿನೆಲ್ಲನ ಊರು. ಬಿಳಿಯ ಸಡಿಲ ಅಂಗಿ, ಕೊಕ್ಕಿನ ಮೂಗಿನ ಕಪ್ಪು ಅರೆಮುಖವಾಡ ತೊಟ್ಟ ಆ ಪಾತ್ರ 17ನೆಯ ಶತಮಾನದಿಂದ ಅಲ್ಲಿನ ಬೀದಿಗಳಲ್ಲಿ, ಗೊಂಬೆಯಾಟಗಳಲ್ಲಿ, ರಂಗಮಂದಿರಗಳಲ್ಲಿ ನಗಿಸುತ್ತ ಅಳಿಸುತ್ತ ಬಂದಿದೆ. ಅಂಥ ಊರಿನ ಹುಡುಗರಿಗೆ ಮುಖ ಮರೆಸಿಕೊಂಡು ಜನರ ಮುಂದೆ ನಿಲ್ಲುವುದು ಯಾರಿಂದಲೂ ಎರವಲು ತರಬೇಕಾದ ವಿಷಯವಾಗಿರಲಿಲ್ಲ. ಚೌಕಿಮನೆ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಲಬುರಗಿಯ ಓದುಗರೊಬ್ಬರ ಪತ್ರ: ಇಟಲಿಯಿಂದ ಬಂದ ಮೇರುಕೃತಿಗಳು ಇಷ್ಟಿರುವಾಗ, ಅರ್ಧ ಗೆದ್ದು ಅರ್ಧ ಸೋತ ಆಲ್ಬಂಗಾಗಿ ನೀವು ಪುಟಗಳನ್ನು ಸವೆಸುವುದೇಕೆ? ನಮ್ಮಂಥವರಿಗೆ ಕೇಳಲು ಸಿಗುವ ಸಮಯವೇ ಕಡಿಮೆ.

ಉತ್ತರ: ನಿಮ್ಮ ಆಕ್ಷೇಪಣೆಯನ್ನು ಗೌರವದಿಂದಲೇ ಓದಿದೆ. ಸಮಯ ಕಡಿಮೆಯಿರುವವರು ಪ್ರೆಮಿಯಾತಾ ತಂಡದ ಮೊದಲ ಆಲ್ಬಂ ಕೇಳಿ ತೃಪ್ತರಾದರೆ ಅದರಲ್ಲಿ ತಪ್ಪೇನೂ ಇಲ್ಲ, ಅದು ನಿಜವಾಗಿಯೂ ಪೂರ್ಣವಾದ ಕೃತಿ. ಆದರೆ ಪೂರ್ಣವಾದ ಕೃತಿ ತನ್ನ ಹೊಲಿಗೆಯನ್ನು ತೋರಿಸುವುದಿಲ್ಲ. ಹೊಲಿಗೆ ಹೇಗೆ ಬಿದ್ದಿದೆ, ಬಟ್ಟೆಯ ಯಾವ ತುಂಡು ಎಲ್ಲಿಂದ ಬಂತು, ಎಲ್ಲಿ ಎಳೆ ಬಿಗಿಯಾಯಿತು, ಎಲ್ಲಿ ಸಡಿಲವಾಯಿತು ಎಂಬುದನ್ನು ತಿಳಿಯಬೇಕಾದರೆ ‘ಲುವೋಮೊ’ದಂಥ ಆಲ್ಬಂ ಬೇಕು. ‘ಲಾಮೋರೆ ವಿಂಚೆರಾ ದಿ ನುವೋವೊ’ವನ್ನೇ ತೆಗೆದುಕೊಳ್ಳಿ. ಆರು ನಿಮಿಷಗಳ ಆ ಹಾಡಿನಲ್ಲಿ ಮೃದುವಾದ ಭಾಗಕ್ಕೂ ಅಬ್ಬರದ ಭಾಗಕ್ಕೂ ಸರಿಯಾದ ಸೇತುವೆಯಿಲ್ಲ. ನಾನು ಮೊದಲು ಕೇಳಿದಾಗ ಇದು ಎರಡು ಬೇರೆ ಹಾಡುಗಳನ್ನು ಹೇಗೋ ಕೂಡಿಸಿದ್ದು ಎಂದೇ ತೀರ್ಪು ಕೊಟ್ಟುಕೊಂಡಿದ್ದೆ. ಎರಡು ವರ್ಷಗಳ ನಂತರದ ಅವರ ಆಲ್ಬಂ ‘ಪಾಲೆಪೊಲಿ’ ಕೇಳಿದ ಮೇಲೆ, ಇಂಥದೇ ಹಠಾತ್ ತಿರುವುಗಳು ಅಲ್ಲಿ ಇಡೀ ರಚನೆಯ ಬಲವಾಗಿ ನಿಂತಿರುವುದನ್ನು ಕಂಡೆ. 1971ರಲ್ಲಿ ಅವರಿಗೆ ಜಿಗಿಯುವ ಧೈರ್ಯವಿತ್ತು, ಜಿಗಿದು ನಿಲ್ಲುವ ಕೌಶಲ ಇನ್ನೂ ಬಂದಿರಲಿಲ್ಲ. ಆ ಧೈರ್ಯವನ್ನು ಕೇಳಲು ನಾನು ಆ ಹಾಡಿಗೆ ಮತ್ತೆ ಮತ್ತೆ ಹೋಗುತ್ತೇನೆ. ‘ಲೇಡಿ ಪವರ್’ ಬಗ್ಗೆ ಮಾತ್ರ ನಿಮ್ಮ ವಾದವನ್ನು ಒಪ್ಪುತ್ತೇನೆ. ಅದನ್ನು ಕೊನೆಯ ಹಾಡಾಗಿ ಇಟ್ಟದ್ದು ಆಲ್ಬಂಗೆ ಆದ ನಷ್ಟವೇ ಸರಿ. ಅದು ಮುಗಿದಾಗ ಕೇಳಿದವರ ಮನಸ್ಸಿನಲ್ಲಿ ಉಳಿಯುವುದು ಈ ತಂಡದ ತೀರ ಸಾಧಾರಣವಾದ ಮುಖ.

ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ: ಈ ಆಲ್ಬಂ ನನಗೆ ಹಿಡಿಸಿತು. ಮುಂದೆ ಯಾವುದನ್ನು, ಯಾವ ಕ್ರಮದಲ್ಲಿ ಕೇಳಲಿ? ತಂಡದವರು ಆಮೇಲೆ ಏನಾದರು?

ಉತ್ತರ: 1972ರಲ್ಲಿ ಒಸಾನ್ನಾ ‘ಮಿಲಾನೊ ಕಾಲಿಬ್ರೊ 9’ ಎಂಬ ಅಪರಾಧ ಚಿತ್ರಕ್ಕೆ ಸಂಗೀತ ನೀಡಿತು. ಅರ್ಜೆಂಟೀನಾದಲ್ಲಿ ಹುಟ್ಟಿ ಇಟಲಿಯಲ್ಲಿ ನೆಲೆಸಿದ್ದ ಲುಯಿಸ್ ಬಕಾಲೊವ್ ಅದರ ವಾದ್ಯವೃಂದವನ್ನು ಬರೆದರು. ಮುಂದೆ ‘ಇಲ್ ಪೊಸ್ತೀನೊ’ ಚಿತ್ರದ ಸಂಗೀತಕ್ಕೆ ಆಸ್ಕರ್ ಪಡೆದವರು ಅವರೇ. ಪಿಟೀಲುಗಳ ಮೇಳದ ಪಕ್ಕದಲ್ಲಿ ಒಸಾನ್ನಾ ಶಿಸ್ತು ಕಲಿಯುವುದು ಅಲ್ಲಿ ಕೇಳಿಸುತ್ತದೆ. ಆದರೆ ಆ ಆಲ್ಬಂ ಅನ್ನು ನೀವು ಎರಡನೆಯದಾಗಿ ಕೇಳಬೇಡಿ. ‘ಲುವೋಮೊ’ದಿಂದ ನೇರವಾಗಿ 1973ರ ‘ಪಾಲೆಪೊಲಿ’ಗೆ ಹೋಗಿ, ಚಿತ್ರಸಂಗೀತಕ್ಕೆ ಆಮೇಲೆ ಹಿಂದಿರುಗಿ.

‘ಪಾಲೆಪೊಲಿ’ ಎಂದರೆ ಹಳೆಯ ಪಟ್ಟಣ. ನಾಪೋಲಿ ಎಂಬ ಹೆಸರು ಬಂದದ್ದು ಹೊಸ ಪಟ್ಟಣವೆಂಬ ಅರ್ಥದ ಗ್ರೀಕ್ ‘ನೆಯಾಪೊಲಿಸ್’ನಿಂದ. ಅದಕ್ಕೂ ಹಿಂದಿನ ನೆಲೆಗೆ ಈ ಹೆಸರಿತ್ತು. ಆ ಆಲ್ಬಂನಲ್ಲಿ ‘ಓರೊ ಕಾಲ್ದೊ’ ಮತ್ತು ‘ಅನಿಮಾಲೆ ಸೆಂತ್ಸ ರೆಸ್ಪೀರೊ’ ಎಂಬ ಎರಡು ದೀರ್ಘ ರಚನೆಗಳಿವೆ, ನಡುವೆ ಒಂದು ಪುಟ್ಟ ತುಣುಕು. ಇಲ್ಲಿ ಇಂಗ್ಲಿಷ್ ಹೆಸರಿನ ಹಾಡಿಲ್ಲ. ‘ಓರೊ ಕಾಲ್ದೊ’ದಲ್ಲಿ ನಾಪೋಲಿಯ ಆಡುಮಾತು ಕೇಳಿಸುತ್ತದೆ, ದಕ್ಷಿಣ ಇಟಲಿಯ ಜಾನಪದ ಕುಣಿತವಾದ ತರಂತೆಲ್ಲದ ಲಯ ಬರುತ್ತದೆ. ‘ಲುವೋಮೊ’ದಲ್ಲಿ ಇಂಗ್ಲಿಷಿಗೂ ಪುಸ್ತಕದ ಇಟಾಲಿಯನ್ನಿಗೂ ನಡುವೆ ಓಲಾಡುತ್ತಿದ್ದ ತಂಡ, ಎರಡೇ ವರ್ಷದಲ್ಲಿ ತನ್ನ ಓಣಿಯ ಮಾತಿಗೆ ಬಂದು ನಿಂತಿತು. ಎರಡನ್ನೂ ಒಂದೇ ಸಂಜೆ ಕೇಳಿದರೆ ಈ ದಾರಿ ನಿಮಗೇ ಕಾಣುತ್ತದೆ.

ಇದೇ ಬಗೆಯ ಏರುಪೇರನ್ನೂ ಬೆಳವಣಿಗೆಯನ್ನೂ ಇನ್ನೊಂದು ಜೋಡಿಯಲ್ಲಿ ನೋಡಬೇಕೆನ್ನಿಸಿದರೆ, ಧಾರವಾಡದ ಓದುಗರಿಗೆ ಹೇಳಿದ ‘ಇಲ್ ಬಾಲೆತ್ತೊ ದಿ ಬ್ರೋಂಜೊ’ ತಂಡವನ್ನು ಕೇಳಿ. 1970ರ ಅವರ ಮೊದಲ ಆಲ್ಬಂ ‘ಸಿರಿಯೊ 2222’ ಗಿಟಾರಿನ ಹಾರ್ಡ್ ರಾಕ್‌ಗೂ ಸಾಮಾನ್ಯ ಪಾಪ್ ಹಾಡುಗಳಿಗೂ ನಡುವೆ ಹಂಚಿಹೋಗಿದೆ, ಕೊನೆಯ ದೀರ್ಘ ಹಾಡಿನಲ್ಲಿ ಮಾತ್ರ ಮುಂದಿನ ಸೂಚನೆಯಿದೆ. ಆಮೇಲೆ ಜಾನ್ನಿ ಲೆಯೋನೆ ಬಂದು ಸೇರಿದರು. 1972ರ ‘ಈಸ್’ ಆಲ್ಬಂನಲ್ಲಿ ಅದು ಅದೇ ಹೆಸರಿನ ಬೇರೆಯೇ ತಂಡವಾಗಿತ್ತು.

ಒಸಾನ್ನಾ 1974ರಲ್ಲಿ ಒಡೆಯಿತು. ದಾನ್ನ ಮತ್ತು ರುಸ್ತಿಚಿ ಸೇರಿ ‘ಊನೊ’ ಎಂಬ ತಂಡ ಕಟ್ಟಿದರು. ವೈರೆತ್ತಿ ಮತ್ತು ಗ್ವಾರೀನೊ ಹಳೆಯ ‘ಚಿತ್ತಾ ಫ್ರೊಂತಾಲೆ’ ಹೆಸರನ್ನು ಮತ್ತೆ ಎತ್ತಿಕೊಂಡು 1975ರಲ್ಲಿ ‘ಎಲ್ ತೋರ್’ ಆಲ್ಬಂ ಹೊರತಂದರು. 1978ರಲ್ಲಿ ಒಮ್ಮೆ ಒಸಾನ್ನಾ ಹೆಸರಿನಲ್ಲೇ ಮತ್ತೆ ಕೂಡಿದರು. ಅದರ ನಂತರ ಬಹಳ ವರ್ಷ ಆ ಹೆಸರು ಸುಮ್ಮನಿತ್ತು. ಈ ಶತಮಾನದ ಆರಂಭದಲ್ಲಿ ವೈರೆತ್ತಿಯವರು ಹೊಸಬರೊಡನೆ ಅದನ್ನು ಮತ್ತೆ ವೇದಿಕೆಗೆ ತಂದರು. 2009ರ ಆಲ್ಬಂನಲ್ಲಿ ಬ್ರಿಟನ್ನಿನ ವ್ಯಾನ್ ಡರ್ ಗ್ರಾಫ್ ಜನರೇಟರ್ ತಂಡದ ಸ್ಯಾಕ್ಸೊಫೋನ್ ವಾದಕ ಡೇವಿಡ್ ಜಾಕ್ಸನ್ ಅವರ ಜೊತೆಗೂಡಿ ನುಡಿಸಿದರು. ಹಳೆಯ ಹಾಡುಗಳನ್ನು ಅಲ್ಲಿ ಮರಳಿ ಹಾಡುವಾಗ ವೈರೆತ್ತಿಯವರ ಕಂಠ ತಗ್ಗಿದೆ, ಸ್ವರಗಳ ಬಾಲವನ್ನು ತೂಗುವ ಆ ಹಳೆಯ ರೂಢಿ ಮಾತ್ರ ಹಾಗೆಯೇ ಉಳಿದಿದೆ.